ನಲ್ಲಿ ರಿಪೇರಿ ಮಾಡುತ್ತಿದ್ದ ವಿಂಗರ್

ಕೆಲಸದ ಮೇಲೆ ನಾವು ಇಂಗ್ಲೆಂಡಿನ ಪ್ರೆಸ್ಟನ್‌ಗೆ ಬಂದ ಮೊದಲ ಚಳಿಗಾಲ. ಅಡುಗೆಮನೆ ಸಿಂಕಿನ ಕೆಳಗೆ ಪೈಪು ಸೋರತೊಡಗಿತು. ಬಟ್ಟೆ ಕಟ್ಟಿ, ಬಕೆಟ್ ಇಟ್ಟು ಎರಡು ದಿನ ತಳ್ಳಿದೆವು. ಮೂರನೇ ದಿನ ಪಕ್ಕದ ಮನೆಯವರು ಒಬ್ಬ ಪ್ಲಂಬರನ್ನು ಕಳಿಸಿಕೊಟ್ಟರು. ಅರವತ್ತೈದು ದಾಟಿದ ಮನುಷ್ಯ. ಬಂದವರು ಮೊದಲು ಪೈಪನ್ನು ಮುಟ್ಟಲೇ ಇಲ್ಲ. ನೆಲದ ಮೇಲೆ ಮಂಡಿಯೂರಿ, ತಲೆ ಒಳಗೆ ಹಾಕಿ, ಸುಮ್ನೆ ನೋಡುತ್ತಾ ಕೂತರು. ಆಮೇಲೆ ಒಂದು ಬೆರಳಿನಿಂದ ಜೋಡಣೆಯ ಸುತ್ತ ಸವರಿದರು. ಸ್ಪ್ಯಾನರ್ ಹಾಕಿ ಕಾಲು ಸುತ್ತು ತಿರುಗಿಸಿದರು. ಹಳೆ ವಾಷರ್ ತೆಗೆದು ನನ್ನ ಅಂಗೈಗೆ ಹಾಕಿದರು. ಅದು ಬಿಸ್ಕತ್ತಿನ ಹಾಗೆ ಎರಡು ಹೋಳಾಯಿತು.

ಟೀ ಕುಡಿಯುವಾಗ ಕೇಳಿದರು, "ಈ ಊರಿಗೆ ಬಂದು ಡೀಪ್‌ಡೇಲ್ ನೋಡಿದಿರಾ? ಅಲ್ಲಿನ ಪ್ರತಿಮೆ?" ನಾನು ಇಲ್ಲ ಎಂದೆ. "ಹೋಗಿ ನೋಡಿ. ಇಂಗ್ಲೆಂಡಿನ ಅತ್ಯುತ್ತಮ ಫುಟ್‌ಬಾಲ್ ಆಟಗಾರ ನಮ್ಮ ಊರಿನವರು. ನಮ್ಮ ಕಸುಬಿನವರೇ." ಆ 'ನಮ್ಮ ಕಸುಬಿನವರೇ' ಎನ್ನುವಾಗ ಅವರ ಮುಖದಲ್ಲಿ ಬಂದ ಬೆಳಕು ನನಗೆ ಇವತ್ತಿಗೂ ನೆನಪಿದೆ.

ಅವರು ಹೇಳಿದ್ದು ಟಾಮ್ ಫಿನ್ನಿ ಬಗ್ಗೆ. ಆ ಭಾನುವಾರವೇ ಹೋದೆ.

ಡೀಪ್‌ಡೇಲ್ ಅಂದರೆ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ಬಿನ ಮೈದಾನ. ಅದರ ಪಕ್ಕದ ರಸ್ತೆಗೇ ಸರ್ ಟಾಮ್ ಫಿನ್ನಿ ಹೆಸರಿದೆ. ಹೊರಗೆ ಒಂದು ಚಿಕ್ಕ ಕೊಳ. ಅದರ ಮೇಲೆ ಕಂಚಿನ ಆಟಗಾರ, ದೇಹ ಪೂರ್ತಿ ಒಂದು ಕಡೆ ವಾಲಿದೆ, ಇನ್ನೇನು ಬಿದ್ದೇ ಬಿಟ್ಟರು ಅನ್ನಬೇಕು. ಆದರೆ ಬಿದ್ದಿಲ್ಲ. ಕಾಲಿನ ಹಿಂದಿನಿಂದ ನೀರು ರೆಕ್ಕೆಯ ಹಾಗೆ ಎದ್ದು ಚಿಮ್ಮುತ್ತದೆ. 1956ರಲ್ಲಿ ಲಂಡನ್ನಿನ ಚೆಲ್ಸಿ ಮೈದಾನದಲ್ಲಿ, ಮಳೆ ಹೊಡೆದು ಕೆರೆಯಂತಾಗಿದ್ದ ಹುಲ್ಲಿನ ಮೇಲೆ ತೆಗೆದ ಒಂದು ಫೋಟೋ ಇದೆ. ಆ ಫೋಟೋವನ್ನೇ ಪೀಟರ್ ಹಾಡ್ಜ್‌ಕಿನ್ಸನ್ ಎಂಬ ಶಿಲ್ಪಿ ಕಂಚಿಗೆ ಇಳಿಸಿದ್ದಾರೆ. 2004ರಲ್ಲಿ ಇದನ್ನು ಇಲ್ಲಿ ನಿಲ್ಲಿಸಿದರು. ಹೆಸರು 'ದಿ ಸ್ಪ್ಲಾಶ್'.

ಪ್ರತಿಮೆ ಮುಂದೆ ತುಂಬಾ ಹೊತ್ತು ನಿಂತೆ. ಗಾಳಿ ಬೀಸಿದಾಗಲೆಲ್ಲ ಚಿಮ್ಮಿದ ನೀರು ಮುಖಕ್ಕೆ ಬಂದು ತಾಗುತ್ತಿತ್ತು. ಜೀವನಪೂರ್ತಿ ನೀರಿನ ಪೈಪಿನ ಕೆಲಸ ಮಾಡಿದ ಮನುಷ್ಯನನ್ನು ನೀರಿನ ನಡುವೆಯೇ ನಿಲ್ಲಿಸಿದ್ದಾರಲ್ಲ ಅನ್ನಿಸಿತು. ಅಲ್ಲಿಂದ ಬಂದ ಮೇಲೆ ಫಿನ್ನಿ ನನ್ನನ್ನು ಬಿಡಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ, ಹಳೆಯ ಕಪ್ಪು ಬಿಳುಪು ತುಣುಕುಗಳನ್ನು ಮತ್ತೆ ಮತ್ತೆ ನೋಡಿದೆ.

ಫಿನ್ನಿ ಹುಟ್ಟಿದ್ದು 1922ರ ಏಪ್ರಿಲ್ 5ರಂದು, ಇದೇ ಡೀಪ್‌ಡೇಲ್‌ಗೆ ಹತ್ತಿರದ ಬೀದಿಯಲ್ಲಿ. ಹುಡುಗ ನಾಲ್ಕೈದು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ಕತ್ತಿನ ಗ್ರಂಥಿಯೊಂದರ ಸೋಂಕು ಬಾಲ್ಯವಿಡೀ ಕಾಡಿತು. ಹದಿನಾಲ್ಕನೇ ವಯಸ್ಸಿಗೆ ಎತ್ತರ ನಾಲ್ಕು ಅಡಿ ಒಂಬತ್ತು ಇಂಚು, ತೂಕ ಮೂವತ್ತು ಕಿಲೋ ಆಸುಪಾಸು. ಇಂಥ ಕಡ್ಡಿಯಂಥ ಹುಡುಗ ಫುಟ್‌ಬಾಲ್ ಆಡುತ್ತೇನೆ ಅಂದರೆ ಯಾರು ನಂಬುತ್ತಾರೆ? ಆದರೆ ಮೈಯಲ್ಲಿ ಬಲವಿಲ್ಲದವನು ಬೇರೆ ಏನನ್ನೋ ಕಲಿಯಲೇಬೇಕು. ಹುಡುಗನದು ಹುಟ್ಟಿನಿಂದ ಎಡಗಾಲಿನ ಆಟ. ಹಟ ಹಿಡಿದು ಬಲಗಾಲನ್ನೂ ಪಳಗಿಸಿದ. ಕೊನೆಗೆ ಬಲಗಡೆಯ ವಿಂಗ್‌ನಲ್ಲೇ ಹೆಸರು ಮಾಡಿದ.

ಫುಟ್‌ಬಾಲ್ ನೋಡದವರಿಗೆ ಒಂದು ಮಾತು. ವಿಂಗರ್ ಅಂದರೆ ಮೈದಾನದ ಅಂಚಿನ ಸುಣ್ಣದ ಗೆರೆ ಪಕ್ಕದಲ್ಲಿ ಆಡುವವನು. ಒಂದು ಕಡೆ ಗೆರೆ, ಅದರಾಚೆ ಜನ. ಇನ್ನೊಂದು ಕಡೆ ಎದುರಾಳಿ ಫುಲ್‌ಬ್ಯಾಕ್, ಅಂದರೆ ಆ ಬದಿಯನ್ನು ಕಾಯುವ ಆಟಗಾರ. ಚೆಂಡು ಕಾಲಿಗೆ ಬಂದಾಗ ಅವನಿಗಿರುವುದು ಎರಡೇ ದಾರಿ, ಒಳಗೆ ನುಗ್ಗಬೇಕು ಇಲ್ಲವೇ ಹೊರಗಿನಿಂದ ಹೋಗಬೇಕು. ಎದುರಿನವನಿಗೂ ಅದು ಗೊತ್ತು. ನಮ್ಮಲ್ಲಿ ಕಬಡ್ಡಿಗೆ ಹೋದವನು ಮೂಲೆಯ ಆಟಗಾರನ ಎದುರು ನಿಂತು ಭುಜ ಆಡಿಸುತ್ತಾನಲ್ಲ, ಹೆಚ್ಚು ಕಡಿಮೆ ಅದೇ. ಯಾರ ತೂಕ ಮೊದಲು ತಪ್ಪು ಕಾಲಿಗೆ ಬೀಳುತ್ತದೋ ಅವನು ಸೋತ. ಸುಳ್ಳು ಹೇಳುವ ಕೆಲಸ ನಾಲಗೆಯದಲ್ಲ, ಸೊಂಟದ್ದು.

ಹಳೆಯ ತುಣುಕುಗಳಲ್ಲಿ ಫಿನ್ನಿಯವರ ಸೊಂಟವನ್ನು ನೋಡಬೇಕು. ಚೆಂಡಿನೊಂದಿಗೆ ನೇರವಾಗಿ ಫುಲ್‌ಬ್ಯಾಕ್ ಹತ್ತಿರಕ್ಕೇ ಹೋಗುತ್ತಾರೆ, ಅವಸರವೇ ಇಲ್ಲ. ಇನ್ನೇನು ಎರಡು ಹೆಜ್ಜೆ ಅನ್ನುವಾಗ ಮೈ ಒಳಗಡೆಗೆ ಬಾಗುತ್ತದೆ. ಫುಲ್‌ಬ್ಯಾಕ್ ಕೂಡ ಅದೇ ಕಡೆ ಬಾಗುತ್ತಾನೆ. ಆ ಹೊತ್ತಿಗೆ ಚೆಂಡು ಹೊರಗಡೆ ಇರುತ್ತದೆ, ಫಿನ್ನಿ ಅದರ ಜೊತೆಗಿರುತ್ತಾರೆ. ಮತ್ತೆ ಗೋಲಿನ ಗೆರೆವರೆಗೂ ಓಡಿ, ಅಲ್ಲಿಂದ ಹಿಂದಕ್ಕೆ ಒಂದು ಪಾಸ್. ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ. ಅದನ್ನು ಅಡುಗೆ ಮಾಡಿ ಬಡಿಸಿದವರು ಆಗಲೇ ತಮ್ಮ ಜಾಗಕ್ಕೆ ವಾಪಸು ನಡೆಯುತ್ತಿರುತ್ತಾರೆ.

ಅಪ್ಪನ ವಿಷಯ ಹೇಳಬೇಕು. ಪ್ರೆಸ್ಟನ್ ಕ್ಲಬ್ಬು ಹದಿನಾಲ್ಕರ ಹುಡುಗನಿಗೆ ಮೈದಾನದಲ್ಲೇ ಕೆಲಸ ಕೊಡುತ್ತೇವೆ, ಬಾ ಎಂದಿತು. ಹುಡುಗನಿಗೆ ಸ್ವರ್ಗ ಸಿಕ್ಕಿದ ಹಾಗೆ. ಆದರೆ ಅಪ್ಪ ಬೇಡ ಅಂದರು. ಮೊದಲು ಪ್ಲಂಬಿಂಗ್ ಕಲಿತು ಮುಗಿಸು, ಆಟ ಆಮೇಲೆ. ಹುಡುಗ ಅತ್ತಿರಬೇಕು, ನಾನಾಗಿದ್ದರೆ ಅಳುತ್ತಿದ್ದೆ. ಕೊನೆಗೆ ಹಗಲು ಪ್ಲಂಬಿಂಗ್ ಕಲಿಕೆ, ಉಳಿದ ಹೊತ್ತಿನಲ್ಲಿ ಅಭ್ಯಾಸ ಅಂತ ಸಾಗಿತು.

ಇದನ್ನು ಓದಿದಾಗ ನನಗೆ ನಮ್ಮಪ್ಪನೇ ಕಣ್ಣ ಮುಂದೆ ಬಂದರು. ಅವರು ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದವರು. ನಾನು ಇಂಜಿನಿಯರಿಂಗ್ ಸೇರಿದ ಮೇಲೂ ರಜೆಗೆ ಬಂದರೆ ತಾಮ್ರದ ತಂತಿ ಕೈಗೆ ಕೊಟ್ಟು ಕೂರಿಸುತ್ತಿದ್ದರು. "ಓದು ಓದೇ ಆಯ್ತು, ಕೈಯಲ್ಲೊಂದು ಕೆಲಸ ಇರ್ಲಿ." ಆಗ ಸಿಟ್ಟು ಬರುತ್ತಿತ್ತು. ಮಗುವಿನ ಮೇಲೆ ನಂಬಿಕೆಯಿಲ್ಲದವರು ಆಡುವ ಮಾತು ಅನ್ನಿಸುತ್ತಿತ್ತು. ಅವರಿಗೆ ನಂಬಿಕೆಯಿಲ್ಲದೆ ಇದ್ದದ್ದು ಮಗುವಿನ ಮೇಲಲ್ಲ, ಮಗುವಿಗೆ ಕೆಲಸ ಕೊಡುವವರ ಮೇಲೆ. ಇದು ಅರ್ಥವಾಗಲು ನನಗೆ ಫಿನ್ನಿಯವರ ಕತೆ ಬೇಕಾಯಿತು.

1940ರಲ್ಲಿ ಫಿನ್ನಿ ವೃತ್ತಿಪರ ಆಟಗಾರರಾಗಿ ಸಹಿ ಹಾಕಿದರು. ಆಗಲೇ ಎರಡನೇ ಮಹಾಯುದ್ಧ ಶುರುವಾಗಿತ್ತು, ಲೀಗ್ ನಿಂತಿತ್ತು. 1941ರಲ್ಲಿ ಯುದ್ಧಕಾಲದ ಕಪ್ ಫೈನಲ್ ಆಡಿ ಆರ್ಸೆನಲ್ ತಂಡವನ್ನು ಮರುಪಂದ್ಯದಲ್ಲಿ ಸೋಲಿಸಿದರು. ಆಮೇಲೆ ಸೈನ್ಯ. ಬ್ರಿಟನ್ನಿನ ಎಂಟನೇ ಸೇನೆಯ ಜೊತೆ ಈಜಿಪ್ಟ್, ಇಟಲಿ, ಟ್ಯಾಂಕ್ ಓಡಿಸುವ ಕೆಲಸ. ವಿಂಗರ್‌ಗೆ ಕಾಲಿನ ವೇಗ ಇರುವುದು ಇಪ್ಪತ್ತರ ಆಸುಪಾಸಿನಲ್ಲಿ. ಆ ವರ್ಷಗಳೇ ಹೋದವು. ಲೀಗ್‌ನಲ್ಲಿ ಮೊದಲ ಪಂದ್ಯ ಆಡಿದಾಗ ಇಸವಿ 1946, ವಯಸ್ಸು 24. ಒಂದೇ ತಿಂಗಳಲ್ಲಿ, ಸೆಪ್ಟೆಂಬರ್ 28ರಂದು, ಬೆಲ್‌ಫಾಸ್ಟ್‌ನ ವಿಂಡ್ಸರ್ ಪಾರ್ಕಿನಲ್ಲಿ ಇಂಗ್ಲೆಂಡ್ ಪರ ಮೊದಲ ಆಟ. ಇಂಗ್ಲೆಂಡ್ 7-2ರಿಂದ ಗೆದ್ದಿತು, ಫಿನ್ನಿ ಒಂದು ಗೋಲು ಹೊಡೆದರು. ವಿಂಡ್ಸರ್ ಪಾರ್ಕ್ ನೆನಪಿರಲಿ, ಮತ್ತೆ ಬರುತ್ತದೆ.

ಅದೇ ಕಾಲದಲ್ಲಿ ಇಂಗ್ಲೆಂಡಿಗೆ ಇನ್ನೊಬ್ಬ ಬಲಗಡೆಯ ವಿಂಗರ್ ಇದ್ದರು, ಸ್ಟಾನ್ಲಿ ಮ್ಯಾಥ್ಯೂಸ್. ಫಿನ್ನಿಗಿಂತ ಏಳು ವರ್ಷ ದೊಡ್ಡವರು. 1947ರಿಂದ ಅವರು ಆಡಿದ್ದು ಪಕ್ಕದ ಬ್ಲ್ಯಾಕ್‌ಪೂಲ್ ಊರಿನ ಕ್ಲಬ್ಬಿಗೆ. ಒಂದೇ ಜಿಲ್ಲೆಯಲ್ಲಿ, ಒಂದೇ ಜಾಗಕ್ಕೆ, ಇಬ್ಬರು ಜಾದೂಗಾರರು! ಯಾರು ಮೇಲು ಅಂತ ಇಡೀ ದೇಶ ಜಗಳವಾಡಿತು. ಫಿನ್ನಿ ಮಾತ್ರ ಜಗಳಕ್ಕೆ ಬರಲಿಲ್ಲ, ಎಡಗಡೆಗೆ ಹೋದರು. 1947ರಲ್ಲಿ ಲಿಸ್ಬನ್‌ನಲ್ಲಿ ಬಲಕ್ಕೆ ಮ್ಯಾಥ್ಯೂಸ್, ಎಡಕ್ಕೆ ಫಿನ್ನಿ ಆಡಿದರು. ಪೋರ್ಚುಗಲ್ ವಿರುದ್ಧ ಹತ್ತು ಗೋಲು, ಇಬ್ಬರದೂ ಒಂದೊಂದು. ಮುಂದೆ ಕ್ಲಬ್ಬಿನಲ್ಲಿ ಮಧ್ಯದ ಮುನ್ಪಡೆ ಆಟಗಾರನ ಕೊರತೆ ಬಂದಾಗ ಅದನ್ನೂ ಆಡಿದರು. ಎಲ್ಲಿ ಸೋರುತ್ತಿದೆಯೋ ಅಲ್ಲಿಗೆ ಹೋಗುವುದು ಅವರ ಅಭ್ಯಾಸ. ಪ್ರೆಸ್ಟನ್‌ನಲ್ಲಿ ಅವರ ಜೊತೆ ಆಡಿದ್ದ, ಮುಂದೆ ಲಿವರ್‌ಪೂಲ್ ತಂಡವನ್ನು ಕಟ್ಟಿದ ಬಿಲ್ ಶ್ಯಾಂಕ್ಲಿ ಹೇಳಿದ ಮಾತು ಪ್ರಸಿದ್ಧ. ಓವರ್‌ಕೋಟ್ ಹಾಕಿಕೊಂಡು ಆಡಿದ್ದರೂ ಫಿನ್ನಿ ಯಾವ ಕಾಲದಲ್ಲಾದರೂ ದೊಡ್ಡ ಆಟಗಾರನೇ ಆಗಿರುತ್ತಿದ್ದ ಅಂತ.

ಈಗ ನನ್ನನ್ನು ಜಾಸ್ತಿ ಕಾಡಿದ ಭಾಗಕ್ಕೆ ಬರುತ್ತೇನೆ.

1952ರ ಮೇ. ಇಂಗ್ಲೆಂಡ್ ತಂಡ ಇಟಲಿಗೆ ಹೋಗಿತ್ತು. ಸಿಸಿಲಿಯ ಪಾಲೆರ್ಮೊ ಕ್ಲಬ್ಬಿನ ಯಜಮಾನ, ಒಬ್ಬ ರಾಜಮನೆತನದವರು, ಫಿನ್ನಿಯನ್ನು ಕರೆದು ಮಾತಾಡಿದರು. ಸಹಿ ಹಾಕಿದರೆ 10,000 ಪೌಂಡ್ ಕೈಗೆ. ತಿಂಗಳಿಗೆ 130 ಪೌಂಡ್ ಸಂಬಳ. ಮೇಲೆ ಬೋನಸ್, ಸಮುದ್ರದ ಕಡೆ ಬಂಗಲೆ, ಕಾರು. ಆಗ ಇಂಗ್ಲೆಂಡಿನಲ್ಲಿ ಆಟಗಾರರ ಸಂಬಳಕ್ಕೆ ಮಿತಿ ಇತ್ತು. ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ 14 ಪೌಂಡ್ ದಾಟುವಂತಿಲ್ಲ. ಬೇಸಿಗೆಯಲ್ಲಿ ಆಟವಿಲ್ಲದಾಗ ಅದಕ್ಕಿಂತಲೂ ಕಡಿಮೆ.

ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. 10,000 ಪೌಂಡ್ ಅಂದರೆ 14 ಪೌಂಡಿನ 714 ವಾರಗಳು. ಹದಿನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ. ಫಿನ್ನಿ ಪ್ರೆಸ್ಟನ್ ಪರ ಲೀಗ್ ಆಡಿದ್ದು 1946ರಿಂದ 1960ರವರೆಗೆ, ಸರಿಯಾಗಿ ಹದಿನಾಲ್ಕು ಸೀಸನ್. ಅಂದರೆ ಒಂದು ಸಹಿಗೆ ಇಡೀ ಜೀವಮಾನದ ಆಟದ ಸಂಬಳ. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಊರಿಗೆ ಬಂದು ಕ್ಲಬ್ಬಿನವರನ್ನು ಕೇಳಿದರು. ಉತ್ತರ ಒಂದೇ ಸಾಲು: ನೀನು ಪ್ರೆಸ್ಟನ್‌ಗೆ ಆಡದಿದ್ದರೆ ಯಾರಿಗೂ ಆಡುವುದಿಲ್ಲ. ಇದು ಬರೀ ಬೆದರಿಕೆಯಲ್ಲ, ನಿಯಮವೇ ಹಾಗಿತ್ತು. ಆಟಗಾರನ ಹೆಸರಿನ ನೋಂದಣಿ ಕ್ಲಬ್ಬಿನ ಕೈಯಲ್ಲಿ. ಒಪ್ಪಂದದ ಅವಧಿ ಮುಗಿದರೂ ಕ್ಲಬ್ಬು ಬಿಟ್ಟುಕೊಡದಿದ್ದರೆ ಅವನು ಬೇರೆ ಕಡೆ ಆಡುವಂತಿಲ್ಲ. ಸಂಬಳ ಕೊಡದೆಯೂ ಹಿಡಿದಿಟ್ಟುಕೊಳ್ಳಬಹುದಿತ್ತು. ಶನಿವಾರ ಶನಿವಾರ ಸಾವಿರಾರು ಜನ ದುಡ್ಡು ಕೊಟ್ಟು ಒಳಗೆ ಬರುತ್ತಿದ್ದದ್ದು ಅವರ ಕಾಲು ನೋಡಲು. ಆ ಕಾಲು ಮಾತ್ರ ಅವರದ್ದಲ್ಲ.

ಫಿನ್ನಿ ಬಗ್ಗೆ ಬರೆಯುವವರು ಇಲ್ಲಿ ಸಾಮಾನ್ಯವಾಗಿ ಒಂದು ಸಿಹಿ ಮಾತು ಸೇರಿಸುತ್ತಾರೆ. ದುಡ್ಡಿಗೆ ಆಸೆ ಪಡದ ಸರಳ ಮನುಷ್ಯ, ಊರಿನ ಮೇಲಿನ ಪ್ರೀತಿ, ಒಂದೇ ಕ್ಲಬ್ಬಿನ ನಿಷ್ಠೆ ಅಂತ. ನಮ್ಮ ಮನೆಗೆ ಬಂದಿದ್ದ ಪ್ಲಂಬರ್ ಕೂಡ ಹಾಗೇ ಹೇಳಿದ್ದರು. ಅವರ ಮೇಲೆ ನನಗೆ ಪ್ರೀತಿಯಿದೆ, ಆದರೆ ಈ ಮಾತನ್ನು ನಾನು ಒಪ್ಪಲಾರೆ. ಊರಿನ ಮೇಲಿನ ಪ್ರೀತಿ ನಿಜ. ಫಿನ್ನಿ ಕಹಿ ಮಾತಾಡಲಿಲ್ಲ ಎಂಬುದೂ ನಿಜ. ಆದರೆ ಹೋಗಲು ಬಿಟ್ಟಿದ್ದರೆ ಹೋಗುತ್ತಿದ್ದರೋ ಇಲ್ಲವೋ ಎಂಬ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಲೇ ಇಲ್ಲವಲ್ಲ. ಬಾಗಿಲಿಗೆ ಬೀಗ ಹಾಕಿ, ಒಳಗಿರುವವನ ನಿಷ್ಠೆಯನ್ನು ಹೊಗಳುವುದು ಸರಿಯೇ? ಅವರು ನಗುನಗುತ್ತಾ ಇದ್ದದ್ದು ಅವರ ದೊಡ್ಡತನ. ಆ ದೊಡ್ಡತನದ ಪಾಲು ಬೀಗ ಹಾಕಿದವರಿಗೆ ಹೋಗಬಾರದು.

ಹಾಗಾದರೆ ಅವರು ಕಹಿಯಾಗದೆ ಉಳಿದದ್ದು ಹೇಗೆ? ನನಗೆ ಕಾಣುವ ಉತ್ತರ ಅಪ್ಪ ಕಲಿಸಿದ ಆ ಕಸುಬು. ದೇಶಕ್ಕೆ ಆಡುತ್ತಿದ್ದ ಕಾಲದಲ್ಲೂ ಫಿನ್ನಿ ತಮ್ಮ ಸಹೋದರನ ಜೊತೆ ಪ್ಲಂಬಿಂಗ್ ವ್ಯಾಪಾರ ನಡೆಸುತ್ತಿದ್ದರು. 'ಪ್ರೆಸ್ಟನ್ ಪ್ಲಂಬರ್' ಎಂಬುದು ಪತ್ರಿಕೆಯವರು ಪ್ರೀತಿಗೆ ಇಟ್ಟ ಹೆಸರಷ್ಟೇ ಅಲ್ಲ. ಯಾರದೋ ಮನೆಯ ಸಿಂಕು ಸೋರುತ್ತದೆ, ಬಾಗಿಲು ತೆಗೆದರೆ ಎದುರಿಗೆ ಇಂಗ್ಲೆಂಡ್ ತಂಡದ ವಿಂಗರ್. ಆ ಊರಿನಲ್ಲಿ ಇದು ಕತೆಯಲ್ಲ, ನಡೆಯುತ್ತಿದ್ದದ್ದು. ಫುಟ್‌ಬಾಲ್ ಕ್ಲಬ್ಬು ಅವರನ್ನು ಹಿಡಿದಿಟ್ಟಿತ್ತು, ನಿಜ. ಆದರೆ ಅವರ ಊಟವನ್ನು ಹಿಡಿದಿಟ್ಟಿರಲಿಲ್ಲ. ಕಾಲು ಮುರಿದರೂ ಮನೆ ನಡೆಯುತ್ತದೆ ಎಂಬ ಧೈರ್ಯ ಇದ್ದವರು ಎದುರಾಳಿಯ ಬೂಟಿಗೆ ಹೆದರುವುದಿಲ್ಲ, ಯಜಮಾನನ ಮುಖ ನೋಡಿಕೊಂಡು ಬದುಕುವುದೂ ಇಲ್ಲ. ಅಷ್ಟು ಒದೆ ತಿಂದರೂ ಅವರು ತಿರುಗಿ ಒದೆಯಲಿಲ್ಲ. ಇಡೀ ಆಟದ ಬದುಕಿನಲ್ಲಿ ರೆಫ್ರಿಯ ಎಚ್ಚರಿಕೆ ಒಮ್ಮೆಯೂ ಬಂದಿಲ್ಲ ಅನ್ನುತ್ತಾರೆ.

ದೊಡ್ಡ ಪ್ರಶಸ್ತಿ ಮಾತ್ರ ಕೈಗೆ ಬರಲೇ ಇಲ್ಲ. 1952-53ರ ಸೀಸನ್ ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ. ಪ್ರೆಸ್ಟನ್ ತನ್ನ ಕೊನೆ ಪಂದ್ಯ ಗೆದ್ದಿತು. ಎರಡು ದಿನ ಬಿಟ್ಟು ಆರ್ಸೆನಲ್ ಕೂಡ ಗೆದ್ದಿತು. ಇಬ್ಬರದೂ 54 ಅಂಕ. ಆಗಿನ ನಿಯಮದಂತೆ ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸಬೇಕು. ಆರ್ಸೆನಲ್‌ನದು 97ಕ್ಕೆ 64, ಪ್ರೆಸ್ಟನ್‌ನದು 85ಕ್ಕೆ 60. ಭಾಗಿಸಿದರೆ 1.516, 1.417. ಅಷ್ಟೇ ಅಂತರ. ಮುಂದಿನ ವರ್ಷ ಎಫ್‌ಎ ಕಪ್ ಫೈನಲ್, ಇಂಗ್ಲೆಂಡಿನ ದೊಡ್ಡ ನಾಕೌಟ್ ಟೂರ್ನಿಯದು. ಅದರ ಹಿಂದಿನ ವರ್ಷ ಇದೇ ವೆಂಬ್ಲಿ ಮೈದಾನದಲ್ಲಿ ಮ್ಯಾಥ್ಯೂಸ್ ಬ್ಲ್ಯಾಕ್‌ಪೂಲ್ ಪರ ಕಪ್ ಗೆದ್ದಿದ್ದರು. ಈ ಸಲ ಫಿನ್ನಿ ಅಂತ ದೇಶವೇ ಕಾದಿತ್ತು. ಆದರೆ ಅವತ್ತು ಅವರ ಕಾಲು ಮಾತು ಕೇಳಲಿಲ್ಲ. ವೆಸ್ಟ್ ಬ್ರಾಮ್‌ವಿಚ್ 3-2ರಿಂದ ಗೆದ್ದಿತು. ಅದೇ ವರ್ಷ ಫುಟ್‌ಬಾಲ್ ಬರಹಗಾರರು ಅವರನ್ನು ವರ್ಷದ ಆಟಗಾರ ಅಂತ ಆರಿಸಿದ್ದರು. 1957ರಲ್ಲಿ ಮತ್ತೆ ಆರಿಸಿದರು. ಎರಡು ಸಲ ಅದನ್ನು ಪಡೆದ ಮೊದಲಿಗರು ಅವರೇ.

ಇಂಗ್ಲೆಂಡ್ ಪರ 76 ಪಂದ್ಯ, 30 ಗೋಲು. ಪ್ರೆಸ್ಟನ್ ಪರ ಲೀಗ್‌ನಲ್ಲಿ 433 ಪಂದ್ಯ, 187 ಗೋಲು. ಇದು ವಿಂಗರ್‌ನ ಲೆಕ್ಕ ಅಂದರೆ ಇವತ್ತಿನ ಹುಡುಗರು ನಂಬುವುದಿಲ್ಲ. 1960ರ ಏಪ್ರಿಲ್ 30ರಂದು ಡೀಪ್‌ಡೇಲ್‌ನಲ್ಲಿ ಕೊನೆ ಪಂದ್ಯ ಆಡಿದರು. ತೊಡೆಸಂದಿನ ನೋವು ಮುಂದೆ ಬಿಡಲಿಲ್ಲ, ವಯಸ್ಸು 38 ಆಗಿತ್ತು. ಅವರಿಲ್ಲದ ಮೊದಲ ಸೀಸನ್‌ನಲ್ಲೇ ಪ್ರೆಸ್ಟನ್ ಮೇಲಿನ ಡಿವಿಷನ್‌ನಿಂದ ಕೆಳಗೆ ಬಿತ್ತು. ನಾನಿದನ್ನು ಬರೆಯುವ ಹೊತ್ತಿಗೂ ಮತ್ತೆ ಮೇಲೆ ಏರಿಲ್ಲ. 1888-89ರಲ್ಲಿ ಮೊಟ್ಟಮೊದಲ ಲೀಗ್ ಅನ್ನೇ ಒಂದೂ ಪಂದ್ಯ ಸೋಲದೆ ಗೆದ್ದ ಕ್ಲಬ್ಬು ಇದು.

1961ರ ಜನವರಿಯಲ್ಲಿ ಸಂಬಳದ ಮಿತಿ ಹೋಯಿತು. ಫಿನ್ನಿ ಬೂಟು ಕಳಚಿ ಒಂಬತ್ತು ತಿಂಗಳೂ ಆಗಿರಲಿಲ್ಲ. ಫುಲ್‌ಹ್ಯಾಮ್ ತಂಡದ ಜಾನಿ ಹೇನ್ಸ್‌ಗೆ ಕೂಡಲೇ ವಾರಕ್ಕೆ 100 ಪೌಂಡ್ ಆಯಿತು. ನನಗೆ ಹೇನ್ಸ್ ಮೇಲೆ ಬೇಜಾರಿಲ್ಲ, ಸಿಗಬೇಕಾದದ್ದು ಸಿಕ್ಕಿತು. ಬೇಜಾರು ಆ ಒಂಬತ್ತು ತಿಂಗಳ ಮೇಲೆ.

ಆಮೇಲೆ ಅವರು ಊರಿನಲ್ಲೇ ಇದ್ದರು. ವ್ಯಾಪಾರ ನೋಡಿಕೊಂಡರು, ಮ್ಯಾಜಿಸ್ಟ್ರೇಟ್ ಆದರು, ಅಲ್ಲಿನ ಆರೋಗ್ಯ ಮಂಡಳಿಯ ಅಧ್ಯಕ್ಷರಾದರು. 1998ರಲ್ಲಿ 'ಸರ್' ಪದವಿ ಬಂತು. ಹೆಂಡತಿ ಎಲ್ಸಿಗೆ ಆಲ್ಜೈಮರ್ಸ್ ಬಂದಾಗ ತಾವೇ ಮುಂದೆ ನಿಂತು ಆರೈಕೆ ಮಾಡಿದರು. 1945ರಲ್ಲಿ ಮದುವೆಯಾಗಿದ್ದವರು ಎಲ್ಸಿ. ತೀರಿಕೊಂಡದ್ದು 2004ರಲ್ಲಿ, ಪ್ರತಿಮೆ ನಿಂತ ವರ್ಷವೇ. ಒಂದು ಕಡೆ ಊರೆಲ್ಲ ಸೇರಿ ತಮ್ಮ ಕಂಚಿನ ರೂಪಕ್ಕೆ ಚಪ್ಪಾಳೆ ತಟ್ಟುವುದು, ಇನ್ನೊಂದು ಕಡೆ ಮನೆಯಲ್ಲಿ ತನ್ನದೆಲ್ಲವನ್ನೂ ಮರೆಯುತ್ತಿರುವ ಹೆಂಡತಿ. ಆ ವರ್ಷ ಅವರಿಗೆ ಹೇಗೆ ಕಳೆಯಿತೋ. ಫಿನ್ನಿ ತೀರಿಕೊಂಡದ್ದು 2014ರ ಫೆಬ್ರವರಿ 14ರಂದು.

ಆದರೆ ನಾನು ಅವರನ್ನು ನೆನೆಯುವಾಗ ನಿಲ್ಲುವುದು ಸಾವಿನ ಹತ್ತಿರ ಅಲ್ಲ, 1963ರ ಸೆಪ್ಟೆಂಬರ್ ಹತ್ತಿರ. ನಿವೃತ್ತಿಯಾಗಿ ಮೂರು ವರ್ಷದ ಮೇಲಾಗಿತ್ತು. ಉತ್ತರ ಐರ್ಲೆಂಡಿನ ಡಿಸ್ಟಿಲರಿ ಎಂಬ ಸಣ್ಣ ಕ್ಲಬ್ಬಿಗೆ, ಯುರೋಪಿನ ಚಾಂಪಿಯನ್ ಕ್ಲಬ್ಬುಗಳು ಆಡುವ ಯುರೋಪಿಯನ್ ಕಪ್‌ನಲ್ಲಿ, ಪೋರ್ಚುಗಲ್‌ನ ಬೆನ್‌ಫಿಕಾ ಎದುರಾಯಿತು. ಬೆನ್‌ಫಿಕಾ ಅಂದರೆ ಆ ಕಾಲದ ದೊಡ್ಡ ಗೋಲುಗಾರ ಯೂಸೆಬಿಯೊ ಆಡುತ್ತಿದ್ದ ತಂಡ, 1961 ಮತ್ತು 1962ರಲ್ಲಿ ಆ ಕಪ್ ಗೆದ್ದವರು. ಡಿಸ್ಟಿಲರಿಯ ಮ್ಯಾನೇಜರ್ ಜಾರ್ಜ್ ಈಸ್ಟಮ್ ಫಿನ್ನಿಯವರನ್ನು ಕರೆದರು. ಒಂದು ಪಂದ್ಯ ಆಡಿಕೊಡಿ ಅಂದರು.

ಈ ಈಸ್ಟಮ್ ಯಾರು ಗೊತ್ತಾ? ಅವರ ಮಗನ ಹೆಸರೂ ಜಾರ್ಜ್ ಈಸ್ಟಮ್. ಆ ಮಗ ನ್ಯೂಕಾಸಲ್ ಕ್ಲಬ್ಬಿನ ಮೇಲೆ ಕೋರ್ಟಿಗೆ ಹೋಗಿದ್ದ. ಒಪ್ಪಂದ ಮುಗಿದ ಮೇಲೂ ಆಟಗಾರನನ್ನು ಹಿಡಿದಿಟ್ಟುಕೊಳ್ಳುವ ಆ ಪದ್ಧತಿ ನ್ಯಾಯವಲ್ಲ ಎಂದು ಲಂಡನ್ನಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಅದು ಅದೇ 1963ರ ಬೇಸಿಗೆಯಲ್ಲಿ. ಫಿನ್ನಿಯನ್ನು ಪಾಲೆರ್ಮೊಗೆ ಬಿಡದ ನಿಯಮವನ್ನು ಮಗ ಮುರಿದ, ಕೆಲವೇ ವಾರಗಳಲ್ಲಿ ಅಪ್ಪ ಬಂದು ಫಿನ್ನಿಯನ್ನು ಆಟಕ್ಕೆ ಕರೆದರು.

ಸೆಪ್ಟೆಂಬರ್ 25. ಜಾಗ ಬೆಲ್‌ಫಾಸ್ಟ್, ಅದೇ ವಿಂಡ್ಸರ್ ಪಾರ್ಕ್. ಹದಿನೇಳು ವರ್ಷದ ಹಿಂದೆ ಇಂಗ್ಲೆಂಡ್ ಅಂಗಿ ಹಾಕಿ ಮೊದಲ ಸಲ ಓಡಿದ್ದ ಹುಲ್ಲು. ಈಗ ವಯಸ್ಸು 41. ಹಿಡಿದಿಡಲು ಯಾರ ಕೈಯಲ್ಲೂ ಕಾಗದ ಇರಲಿಲ್ಲ. ಬೇಡ ಅನ್ನಬಹುದಿತ್ತು. ಹೋದರು, ಆಡಿದರು. ಡಿಸ್ಟಿಲರಿ 3, ಬೆನ್‌ಫಿಕಾ 3.